ಸಕ್ಕರೆ ಹಂಚಿದ ಮೇಲೆ

ಕ್ಲಿಯರ್ ಲೇಕ್, ಹ್ಯೂಸ್ಟನ್
17 ಮಾರ್ಚ್ 2014

ಮಗಳೇ ಅಮೂಲ್ಯಾ,

ನಿನ್ನೆ ಫೋನಿನಲ್ಲಿ ನೀನು ಹೇಳಿದ್ದರಲ್ಲಿ ಅರ್ಧ ನನಗೆ ಕೇಳಿಸಲಿಲ್ಲ, ಕೇಳಿಸಿದ ಅರ್ಧ ಹಿಡಿಸಲಿಲ್ಲ. ಆದ್ದರಿಂದ ಈ ಕಾಗದ. ಕಿವಿಗೆ ಯಂತ್ರ ಹಾಕಿಕೊಳ್ಳಿ ಎಂದು ನಿಮ್ಮವ್ವ ಒಂದು ವರ್ಷದಿಂದ ಬೆನ್ನು ಹತ್ತಿದ್ದಾಳೆ. ಡಾಕ್ಟರಿಕೆ ಮಾಡಿದಷ್ಟು ಕಾಲವೂ ಸ್ಟೆತಾಸ್ಕೋಪ್ ಹೊತ್ತ ಕಿವಿ ಇದು, ಇನ್ನೊಂದು ಯಂತ್ರ ಬೇಡ ಎಂದಿದ್ದೇನೆ. ತಂದ ಯಂತ್ರ ಡ್ರಾಯರಿನಲ್ಲಿ ಸುಖವಾಗಿದೆ. ಕಾಗದದಲ್ಲಿ ನೀನು ಎಷ್ಟು ಬೇಕಾದರೂ ಜಗಳ ಆಡು, ಒಂದಕ್ಷರ ಬಿಡದೆ ಓದುತ್ತೇನೆ.

ರಜೆಗೆಂದು ನಮ್ಮಲ್ಲಿಗೆ ಬಂದ ನಿಧಿಯನ್ನು ಇಲ್ಲಿನ ಕಾಲೇಜಿನ ಸಾಫ್ಟ್‌ಬಾಲ್ ಶಿಬಿರಕ್ಕೆ ನಾನೇ ಕರೆದುಕೊಂಡು ಹೋದೆ. ಬಿಟ್ಟು ಬರಬೇಕಾದವನು ಅಲ್ಲೇ ಕೂತೆ. ಅಮೂಲ್ಯಾ, ನಿನ್ನ ಮಗಳು ಚೆಂಡು ಎಸೆಯುವುದನ್ನು ನಾನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ತೋಳನ್ನು ಗಾಲಿಯ ಹಾಗೆ ಪೂರ್ತಿ ಒಂದು ಸುತ್ತು ತಿರುಗಿಸಿ, ಸೊಂಟದ ಕೆಳಗಿನಿಂದ ಚೆಂಡು ಬಿಡುತ್ತಾಳೆ. ಅವಳಿಗಿಂತ ಎತ್ತರದ ಹುಡುಗಿಯರು ಬ್ಯಾಟು ಗಾಳಿಗೆ ಬೀಸಿ, ತಮ್ಮಷ್ಟಕ್ಕೆ ಏನೋ ಗೊಣಗುತ್ತಾ ವಾಪಸು ಹೋದರು. ಪಕ್ಕದಲ್ಲಿ ಕೂತವರಿಗೆಲ್ಲ ನಾನು ಅವಳ ಅಜ್ಜ ಎಂದು ಹೇಳಿದೆ. ಕೇಳದವರಿಗೂ ಹೇಳಿದೆ.

ಕೊನೆಯ ದಿನ ಕೋಚ್ ಮರ್ಲೀನ್ ನಮ್ಮಿಬ್ಬರನ್ನೂ ತಮ್ಮ ಆಫೀಸಿಗೆ ಕರೆದರು. ಈ ವಯಸ್ಸಿನ ಹುಡುಗಿಯರಿಗೆ ಕೋಚುಗಳು ತಾವಾಗಿ ಫೋನ್ ಮಾಡುವಂತಿಲ್ಲವಂತೆ, ನಾವಾಗಿ ಅವರಲ್ಲಿಗೆ ಹೋದರೆ ಮಾತಾಡಬಹುದಂತೆ. ಹೆಣ್ಣು ನೋಡಲು ಬರುವವರು ‘ಈ ಕಡೆ ಬಂದಿದ್ದೆವು, ಹಾಗೇ ಬಂದೆವು’ ಎಂದು ಹೇಳುವುದಿಲ್ಲವೇ, ಅದೇ ಜಾತಿ. 2017ರಲ್ಲಿ ಕಾಲೇಜಿಗೆ ಬರುವಾಗ ನಿಧಿಗೆ ತಂಡದಲ್ಲಿ ಜಾಗ, ಅರ್ಧ ಫೀ ಅವರದು. ಒಂಬತ್ತನೆಯ ತರಗತಿಯ ಕೂಸಿಗೆ ಕಾಲೇಜಿನ ಜಾಗ! ಹತ್ತು ದಿನದಲ್ಲಿ ನಿಧಿಯೇ ಫೋನ್ ಮಾಡಿ ಹೂಂ ಅನ್ನಬೇಕು. ಇಲ್ಲದಿದ್ದರೆ ಆ ಜಾಗ ಇನ್ನೊಬ್ಬಳಿಗೆ.

ಇದಕ್ಕೆ ಕಮಿಟ್ ಆಗುವುದು ಎನ್ನುತ್ತಾರೆ. ಸಹಿ ಇಲ್ಲ, ಕಾಗದ ಇಲ್ಲ, ಬರೀ ಬಾಯಿಮಾತು. ಸಹಿ ಹಾಕುವುದು ಹನ್ನೆರಡನೆಯ ತರಗತಿಯ ನವೆಂಬರಿನಲ್ಲಿ ಮಾತ್ರ. ಇದನ್ನು ಕೇಳಿ ನನಗೆ ಈ ದೇಶದ ಮೇಲೆ ಹೊಸದಾಗಿ ಗೌರವ ಹುಟ್ಟಿತು. ನಾಯಿ ಬೊಗಳಿದರೂ ವಕೀಲರನ್ನು ಕರೆಯುವ ಈ ಜನ ಇಂಥದ್ದನ್ನು ಮಾತಿನ ಮೇಲೆ ನಡೆಸುತ್ತಾರಲ್ಲ! ನಾನು ಎದ್ದು ಕೈ ಮುಗಿದು, ‘ನೀವೂ ನಾವೂ ಒಂದೇ ಥರದ ಜನ’ ಎಂದೆ. ಆಕೆ ನಕ್ಕರು. ಹೂಂ ಎಂದೇನೂ ನಾನು ಹೇಳಲಿಲ್ಲ, ನೀವಿದ್ದೀರಲ್ಲ. ಆದರೆ ಇಲ್ಲ ಎನ್ನಲು ಕಾರಣವೂ ಕಾಣುವುದಿಲ್ಲ. ಅಳಿಯಂದಿರು ಕಲ್ಮೇಶರಿಗೂ ಓದಿ ಹೇಳು.

ನಿಧಿ ಕಾರಿನಲ್ಲಿ ಏನೂ ಮಾತಾಡಲಿಲ್ಲ. ಮನೆಗೆ ಬಂದು ಅಜ್ಜಿ ಮಾಡಿದ ಗಿರಮಿಟ್ ಎರಡು ಸಲ ಹಾಕಿಸಿಕೊಂಡಳು. ಸಂತೋಷಕ್ಕೇ ಇರಬೇಕು.

ನಿನ್ನ ಅಪ್ಪ,
ಅಪ್ಪಾಸಾಹೇಬ

*

ಲೂಯಿಸ್‌ವಿಲ್, ಡಾಲಸ್
22 ಮಾರ್ಚ್ 2014

ಅಪ್ಪಾ,

ನಿಮ್ಮ ಕಾಗದ ಬಂದಾಗಿನಿಂದ ಕಲ್ಮೇಶ ನೆಲದ ಮೇಲಿಲ್ಲ. ಅಡುಗೆಮನೆಗೆ ಗ್ರಾನೈಟ್ ಆರಿಸಲು ನಮ್ಮ ಅಂಗಡಿಗೆ ಬಂದವರಿಗೆಲ್ಲ ಮೊದಲು ಮಗಳ ಸುದ್ದಿ, ಆಮೇಲೆ ಕಲ್ಲು. ನಿಧಿ ಇಲ್ಲಿ ಆಡುವ ಕ್ಲಬ್ಬಿನ ಕೋಚ್ ಕೂಡ ಹೂಂ ಅನ್ನಿ ಎನ್ನುತ್ತಿದ್ದಾರೆ. ಅವಳ ತಂಡದಲ್ಲಿ ಆಗಲೇ ನಾಲ್ವರು ಕಮಿಟ್ ಆಗಿದ್ದಾರೆ, ಅವರಲ್ಲಿ ಒಬ್ಬಳು ಎಂಟನೆಯ ತರಗತಿ. ಡಾಲಸ್‌ನಲ್ಲಿ ಪಂದ್ಯ ನಡೆಯುವಾಗ ಮಡಚುವ ಕುರ್ಚಿ ಹಾಕಿ ಕೂತ ತಾಯಂದಿರು ಈಗ ನನ್ನನ್ನು ಕೇಳುವುದು ಒಂದೇ: ನಿಮ್ಮವಳದು ಆಯಿತಾ? ಆಗದಿದ್ದರೆ ಪಾಪ ಎನ್ನುವ ಮುಖ ಮಾಡುತ್ತಾರೆ. ನಮ್ಮೂರಿನ ಮದುವೆಮನೆಗಳಲ್ಲಿ ಈ ಮುಖ ನಾನು ನೋಡಿದ್ದೇನೆ.

ಪ್ರ್ಯಾಕ್ಟೀಸಿಗೆ ಕರೆದುಕೊಂಡು ಹೋಗುವಾಗ ಕೇಳಿದೆ. ‘ನಿನಗೇನ ಬೇಕವ್ವಾ?’ ‘ಐ ಡೋಂಟ್ ನೋ, ಅಮ್ಮ. ಎಲ್ಲಾರೂ ಮಾಡ್ತಿದ್ದಾರಲ್ಲ’ ಎಂದು ಕಿಟಕಿಯ ಕಡೆ ತಿರುಗಿದಳು. ಹೋದ ವರ್ಷ ಅವಳು ಕೇಕ್ ಅಂಗಡಿ ಇಡುವವಳಿದ್ದಳು. ಈ ವರ್ಷ ನಾಯಿಗಳ ಡಾಕ್ಟರ್. ಹದಿನಾಲ್ಕು ವರ್ಷದವಳು ತನ್ನ ಹದಿನೆಂಟನ್ನು ಯಾವ ಧೈರ್ಯದಲ್ಲಿ ಬರೆದುಕೊಟ್ಟಾಳು? ಆ ಕಾಲೇಜಿನಲ್ಲಿ ಏನೇನು ಕಲಿಸುತ್ತಾರೆ ಎಂದು ನಾವು ಯಾರೂ ಕೇಳಿಲ್ಲ, ನೀವೂ ಕೇಳಿಲ್ಲ.

ನನ್ನ ಮಾತು ಇಷ್ಟೇ. ಒಂದು ವರ್ಷ ಕಾಯೋಣ. ಆ ಜಾಗ ಹೋದರೆ ಇನ್ನೊಂದು ಬಂದೀತು. ಮತ್ತೆ, ನೀವು ಬರುವ ವಾರ ಇಲ್ಲಿಗೆ ಬರುವ ಯೋಚನೆಯಲ್ಲಿದ್ದೀರಿ ಎಂದು ಅವ್ವ ಹೇಳಿದಳು. ಬನ್ನಿ, ಯಾವತ್ತೂ ಬನ್ನಿ. ಆದರೆ ಈ ಹತ್ತು ದಿನ ಕಳೆದ ಮೇಲೆ ಬನ್ನಿ ಅಪ್ಪಾ. ಅವಳು ನಿಮ್ಮ ಮುಖ ನೋಡಿ ಉತ್ತರ ಕೊಡುತ್ತಾಳೆ.

ನಿಮ್ಮ,
ಅಮೂಲ್ಯಾ

*

ಕ್ಲಿಯರ್ ಲೇಕ್
5 ಮೇ 2014

ಅಮೂಲ್ಯಾ,

ನಾವು ಆ ವಾರವೇ ಬಂದದ್ದಕ್ಕೆ ನಿನಗೆ ಇನ್ನೂ ಮುನಿಸಿದೆ ಎಂದು ಕಾಣುತ್ತದೆ, ಒಂದು ತಿಂಗಳಿಂದ ಒಂದು ಸಾಲೂ ಇಲ್ಲ. ಏನು ಮಾಡಲಿ, ಮನೆಯಲ್ಲಿ ಕೂರಲಾಗಲಿಲ್ಲ. ನಿನ್ನ ಅಡುಗೆಮನೆಯಲ್ಲಿ ನಿಂತು ನಿಧಿ ಫೋನ್ ಹಿಡಿದು ‘ಯೆಸ್ ಮ್ಯಾಮ್, ಐ ವುಡ್ ಲೈಕ್ ಟು ಕಮಿಟ್’ ಎಂದಳಲ್ಲ, ಆ ಧ್ವನಿ ಈ ಕಿವುಡನಿಗೂ ಕೇಳಿಸಿತು. ಏನು ಹೇಳಬೇಕೆಂದು ಅವಳಿಗೆ ಬರೆದುಕೊಟ್ಟವನು ನಾನೇ ಆದರೂ, ಅವಳ ಬಾಯಿಂದ ಕೇಳುವಾಗ ಬೇರೆಯೇ ಅನ್ನಿಸಿತು. ಕಣ್ಣು ಒರೆಸಿಕೊಂಡಾಗ ಉಳ್ಳಾಗಡ್ಡಿಯ ಘಾಟು ಎಂದೆ. ನಿಮ್ಮವ್ವ ಎಲ್ಲರ ಬಾಯಿಗೂ ಸಕ್ಕರೆ ಹಾಕಿದಳು. ನೀನು ಮಾತ್ರ ಸಿಂಕಿನ ಹತ್ತಿರ ನಿಂತು, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದೆ.

ಶನಿವಾರ ಇಲ್ಲಿ ನಮ್ಮವರೆಲ್ಲ ಸೇರಿ ಬಸವ ಜಯಂತಿ ಮಾಡಿದೆವು. ನಿಮ್ಮವ್ವನ ಗೆಳತಿ ಸುಮಿತ್ರವ್ವ ಹಾಲಿನ ಪುಡಿ ಹುರಿದು ಪೇಡೆ ಮಾಡಿದ್ದಳು, ಧಾರವಾಡದ್ದಕ್ಕೆ ಸರಿಸಾಟಿ ಅಲ್ಲ, ಆದರೂ ಎಲ್ಲರೂ ಎರಡೆರಡು ತಿಂದರು. ಪ್ರಸಾದಕ್ಕೆ ಮೊದಲು ನಾನು ಮೈಕ್ ತೆಗೆದುಕೊಂಡು ಸುದ್ದಿ ಹೇಳಿಬಿಟ್ಟೆ. ಚಪ್ಪಾಳೆ ಬಿತ್ತು. ಸಂಗನಬಸಪ್ಪ ಗೊತ್ತಲ್ಲ, ಇಲ್ಲಿನ ಬಾಹ್ಯಾಕಾಶ ಕೇಂದ್ರದಲ್ಲಿ ಎಂಜಿನಿಯರ್ ಆಗಿದ್ದವನು, ಪೇಡೆ ಬಾಯಿಗೆ ಹಾಕಿಕೊಂಡೇ, ‘ಡಾಕ್ಟ್ರೇ, ನಾವು ರಾಕೆಟ್ ಮ್ಯಾಲೆ ಹೋಗೂತನಕಾ ಪೇಡೆ ತಿಂತಿದ್ದಿಲ್ರಿ’ ಎಂದ. ಹೊಟ್ಟೆಕಿಚ್ಚು. ಅವನ ಮೊಮ್ಮಗ ವಿಡಿಯೋ ಗೇಮ್ ಬಿಟ್ಟು ಏಳುವುದಿಲ್ಲ.

ನಮ್ಮ ಕಡೆ ಸಕ್ಕರೆ ಹಂಚಿದ ಮೇಲೆ ಮುಗಿಯಿತು, ಅದಕ್ಕಿಂತ ದೊಡ್ಡ ಸಹಿ ಇಲ್ಲ. ನೀನೂ ಮನಸ್ಸು ತಿಳಿಮಾಡಿಕೋ.

ಅಪ್ಪ

*

ಲೂಯಿಸ್‌ವಿಲ್
4 ಅಕ್ಟೋಬರ್ 2015

ಅಪ್ಪಾ,

ಕಲ್ಮೇಶ ಹೇಳುವ ಮೊದಲು ನಾನೇ ಹೇಳುತ್ತೇನೆ. ಅವರು ಹೇಳಿದರೆ ಸುದ್ದಿ ಬಣ್ಣ ಬಳಿದುಕೊಂಡು ಬರುತ್ತದೆ.

ನಿಧಿ ಈಗ ಹನ್ನೊಂದನೆಯ ತರಗತಿ. ಕೋಚುಗಳು ನೇರವಾಗಿ ಬರೆಯಬಹುದಾದ ವಯಸ್ಸು. ಆಸ್ಟಿನ್‌ನ ಒಂದು ಕಾಲೇಜಿನ ಕೋಚ್ ಅವಳಿಗೆ ಇಮೇಲ್ ಬರೆದಿದ್ದಾರೆ. ಬೇಸಿಗೆಯಲ್ಲಿ ಅವಳು ಸೋತ ಪಂದ್ಯ ನೋಡಿದ್ದರಂತೆ. ಕೊನೆಯ ಹುಡುಗಿ ಹೊಡೆದು ಓಡಿ, ನಾವು ಸೋತಾಗ, ಅವಳ ಚೆಂಡು ಹಿಡಿಯುವ, ಅಳುತ್ತಿದ್ದ ಕ್ಯಾಚರ್ ಹುಡುಗಿಯ ಹೆಗಲ ಮೇಲೆ ನಿಧಿ ಕೈ ಹಾಕಿ ಏನೋ ಹೇಳಿ ನಗಿಸಿದಳಂತೆ. ಏನು ಹೇಳಿದೆ ಎಂದು ಅವರು ಕೇಳಿದ್ದಾರೆ. ಮತ್ತೆ, ಆಟ ಬಿಟ್ಟರೆ ನಿನಗೇನು ಇಷ್ಟ ಎಂದೂ ಕೇಳಿದ್ದಾರೆ. ಅಪ್ಪಾ, ಈ ಎರಡು ವರ್ಷದಲ್ಲಿ ಈ ಪ್ರಶ್ನೆಯನ್ನು ಅವಳಿಗೆ ಯಾವ ಕೋಚೂ ಕೇಳಿಲ್ಲ.

ಅವಳಿಗೆ ಕಲ್ಲು ಇಷ್ಟ. ನಗಬೇಡಿ. ತನ್ನಪ್ಪನ ಅಂಗಡಿಯಲ್ಲಿ ಇಳಕಲ್ಲಿನ ಕೆಂಪು ಗ್ರಾನೈಟಿನ ಮೇಲೆ ಕೈ ಆಡಿಸುತ್ತಾ, ಇದು ಎಷ್ಟು ಹಳೆಯದು, ಯಾಕೆ ಕೆಂಪು ಎಂದು ಕೇಳುತ್ತಿದ್ದವಳು ಈಗ ಲೈಬ್ರರಿಯಿಂದ ಅದೇ ಪುಸ್ತಕ ತರುತ್ತಾಳೆ. ಭೂವಿಜ್ಞಾನ ಓದಬೇಕಂತೆ. ಆಸ್ಟಿನ್‌ನ ಆ ಕಾಲೇಜಿನಲ್ಲಿ ಅದು ಇದೆ. ನಮ್ಮ ಹ್ಯೂಸ್ಟನ್ ಕಾಲೇಜಿನಲ್ಲಿ ಆ ವಿಭಾಗವೇ ಇಲ್ಲ. ಮೊನ್ನೆ ನೋಡಿದೆ. ಒಂದೂವರೆ ವರ್ಷದ ಹಿಂದೆ ನೋಡಬೇಕಿತ್ತು.

ನಿಧಿ ಕೇಳುತ್ತಿರುವುದು ದೊಡ್ಡದಲ್ಲ. ‘ಜಸ್ಟ್ ಮಾತಾಡ್ಲಾ ಅಮ್ಮ, ಅಷ್ಟೇ’ ಎನ್ನುತ್ತಾಳೆ. ಮಾತಾಡಲಿ ಎಂದು ನನ್ನ ಮನಸ್ಸಿನಲ್ಲಿದೆ. ನಿಮ್ಮನ್ನು ಕೇಳದೆ ಹೇಳಲಾರೆ, ಆ ಮಾತಿನಲ್ಲಿ ನೀವಿದ್ದೀರಿ.

ಅಮೂಲ್ಯಾ

*

ಕ್ಲಿಯರ್ ಲೇಕ್
9 ಅಕ್ಟೋಬರ್ 2015

ಅಮೂಲ್ಯಾ,

ಓದಿ ಮೈ ಉರಿಯಿತು. ನಿಶ್ಚಯವಾದ ಹುಡುಗಿಯ ಮನೆಗೆ ಇನ್ನೊಬ್ಬರು ಕಾಗದ ಬರೆಯುವುದೇ ತಪ್ಪು. ಅದನ್ನು ಓದಿ, ಒಂದು ಮಾತು ಆಡಿ ನೋಡೋಣ ಎನ್ನುವುದು ಇನ್ನೂ ದೊಡ್ಡ ತಪ್ಪು. ಕೋಚ್ ಮರ್ಲೀನರಿಗೆ ಗೊತ್ತಾದರೆ ಏನಂದಾರು? ಮೈಕ್ ಹಿಡಿದು ಹೇಳಿದವನು ನಾನು. ನಾಳೆ ಅದೇ ಜನರ ಮುಂದೆ ಯಾವ ಮುಖ ಹೊತ್ತು ನಿಲ್ಲಲಿ?

ನೀನು ಫಾರ್ಮಸಿ ಓದುತ್ತಿದ್ದಾಗಿನದು ನೆನಪಿದೆಯೇ. ಕಲ್ಮೇಶರ ತಂದೆಗೆ ಇಳಕಲ್ಲಿಗೆ ಫೋನ್ ಮಾಡಿ ಹೂಂ ಎಂದೆ. ಅದಾದ ವಾರದಲ್ಲೇ ದ ವುಡ್‌ಲ್ಯಾಂಡ್ಸಿನ ಚನ್ನಮಲ್ಲಪ್ಪನವರು ಮನೆಗೇ ಬಂದು ತಮ್ಮ ಮಗನಿಗೆ ನಿನ್ನನ್ನು ಕೇಳಿದರು. ತೈಲ ಕಂಪನಿಯಲ್ಲಿ ದೊಡ್ಡ ಕೆಲಸ, ಕೆರೆಯ ದಂಡೆಗೆ ಮನೆ. ನಾನು ಚಹಾ ಕೊಟ್ಟು, ‘ಮಾತು ಆಗೇತ್ರಿ’ ಎಂದು ಕಳಿಸಿದೆ. ನಿನ್ನ ಸಂಸಾರ ನೋಡಿ ಈಗ ಹೇಳು, ನಾನು ತಪ್ಪಿದೆನೇ?

ಕಲ್ಲು ಓದುವುದಕ್ಕೆ ಕಾಲೇಜು ಯಾಕೆ, ಅಪ್ಪನ ಅಂಗಡಿ ಸಾಲದೇ? ಬೇರೆ ಏನಾದರೂ ಓದಲಿ. ಆ ಕೋಚಿಗೆ ಮರ್ಯಾದೆಯಿಂದ, ಆದರೆ ಇನ್ನೊಮ್ಮೆ ಬರೆಯದ ಹಾಗೆ, ಹುಡುಗಿಯದು ಆಗಿದೆ ಎಂದು ಹೇಳಿಬಿಡು.

ಅಪ್ಪ

*

ಲೂಯಿಸ್‌ವಿಲ್
1 ನವೆಂಬರ್ 2015

ಅಪ್ಪಾ,

ನೀವು ಹೇಳಿದಂತೆ ಮಾಡಿದ್ದೇನೆ. ಕ್ಲಬ್ಬಿನ ಕೋಚ್ ಮೂಲಕ ಆಸ್ಟಿನ್‌ಗೆ ಹೇಳಿ ಕಳಿಸಿದೆ, ಇನ್ನು ಬರೆಯಬೇಡಿ ಎಂದು. ಕ್ಲಬ್ಬಿನ ಕೋಚ್ ನನ್ನನ್ನು ಎರಡು ಸಲ ಕೇಳಿದರು, ‘ಇಷ್ಟು ಗಟ್ಟಿಯಾಗಿ ಹೇಳಬೇಕೇ?’ ಹೌದು ಎಂದೆ. ಅವರಿಗೆ ಅರ್ಥವಾಗಲಿಲ್ಲ. ಸಕ್ಕರೆಯ ವಿಷಯ ಅವರಿಗೆ ಹೇಗೆ ಹೇಳಲಿ?

ನಿಧಿಗೆ ಕಾರಿನಲ್ಲಿ ಹೇಳಿದೆ. ಸಿಗ್ನಲ್ಲಿನಲ್ಲಿ ನಿಂತಾಗ, ‘ಪ್ರಾಮಿಸ್ ಮಾಡಿದ್ದು ಯಾರು ಅಮ್ಮ? ನಾನಾ, ಅಜ್ಜನಾ?’ ಎಂದಳು. ಅಷ್ಟರಲ್ಲಿ ಹಸಿರಾಯಿತು, ಹಿಂದಿನವನು ಹಾರ್ನ್ ಹೊಡೆದ. ನಾನು ಬಚಾವಾದೆ. ಆಮೇಲೆ ಅವಳು ಕೇಳಲಿಲ್ಲ. ಈಗ ಊಟಕ್ಕೆ ಬರುತ್ತಾಳೆ, ತಟ್ಟೆ ತೊಳೆದಿಡುತ್ತಾಳೆ, ಅಷ್ಟೇ. ಲೈಬ್ರರಿಯ ಪುಸ್ತಕಗಳನ್ನು ವಾಪಸು ಕೊಟ್ಟುಬಿಟ್ಟಿದ್ದಾಳೆ.

ಕಲ್ಮೇಶ ಒಳ್ಳೆಯವರಾದದ್ದು ನಮ್ಮ ಅದೃಷ್ಟ, ಅಪ್ಪಾ. ಅದನ್ನು ನಿಮ್ಮ ಮಾತಿನ ಗೆಲುವು ಎಂದು ತಿಳಿಯಬೇಡಿ. ನೀವು ಇಳಕಲ್ಲಿಗೆ ಫೋನ್ ಮಾಡಿದಾಗ ನಾನು ಪಕ್ಕದ ಕೋಣೆಯಲ್ಲಿದ್ದೆ. ಬಾಗಿಲು ತೆಗೆದೇ ಇತ್ತು. ನೀವು ಒಮ್ಮೆಯೂ ಆ ಕಡೆ ನೋಡಲಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ನೀವು ಹೇಳಿದ್ದನ್ನೇ ಮಾಡಿದೆ. ನಿಮಗೆ ಇಲ್ಲ ಎನ್ನುವುದು ನನಗೆ ಈ ವಯಸ್ಸಿನಲ್ಲೂ ಬರುವುದಿಲ್ಲ. ಅದಕ್ಕೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತಿದೆ.

ಅಮೂಲ್ಯಾ

*

ಕ್ಲಿಯರ್ ಲೇಕ್
28 ಜೂನ್ 2016

ಅಮೂಲ್ಯಾ,

ನೀನು ಬರೆಯುವುದು ಬಿಟ್ಟಿದ್ದೀಯ. ಹಬ್ಬಕ್ಕೆ ಬಂದಾಗಲೂ ನಿಮ್ಮವ್ವನ ಜೊತೆ ಮಾತು, ನನ್ನ ಜೊತೆ ‘ಊಟ ಆತೇನ್ರಿ’. ಇರಲಿ. ಆ ನಿನ್ನ ಕಾಗದಕ್ಕೆ ನಾನು ಉತ್ತರ ಬರೆಯಲಿಲ್ಲ, ನಾಲ್ಕು ಸಲ ಕೂತು ಎದ್ದೆ. ಬಾಗಿಲು ತೆಗೆದಿತ್ತು ಎಂಬುದು ನನಗೆ ನಿಜವಾಗಿಯೂ ನೆನಪಿಲ್ಲ.

ಕೋಚ್ ಮರ್ಲೀನ್ ಬೇರೆ ರಾಜ್ಯಕ್ಕೆ ಹೋದರೆಂದು ಪತ್ರಿಕೆಯಲ್ಲಿ ಓದಿದೆ. ನಮಗೆ ಒಂದು ಮಾತು ತಿಳಿಸಿ ಹೋಗಬಹುದಿತ್ತು. ನಿಧಿಗೆ ಬರೆದಿದ್ದಾರೆಯೇ? ಅಳಿಯಂದಿರಿಗೆ ಹೇಳು, ಗಾಬರಿ ಬೇಡ. ಹಿರಿಯರು ಮನೆ ಬಿಟ್ಟು ಹೋದರೆ ಮನೆಯ ಮಾತು ಹೋಗುವುದಿಲ್ಲ. ಹೊಸಬರು ಬಂದಮೇಲೆ ಒಮ್ಮೆ ಹೋಗಿ ಪರಿಚಯ ಮಾಡಿಕೊಂಡರಾಯಿತು. ಸಹಿಗೆ ನವೆಂಬರ್ ಇನ್ನೆಷ್ಟು ದೂರ?

ಸಂಗನಬಸಪ್ಪನಿಗೆ ಇನ್ನೂ ಹೇಳಿಲ್ಲ.

ಅಪ್ಪ

*

ಲೂಯಿಸ್‌ವಿಲ್
15 ಸೆಪ್ಟೆಂಬರ್ 2016

ಅಪ್ಪಾ,

ಹೊಸ ಕೋಚ್ ನಿನ್ನೆ ಫೋನ್ ಮಾಡಿದ್ದರು. ನಿಧಿ ಸ್ಪೀಕರ್ ಹಾಕಿದಳು, ಮೂವರೂ ಕೇಳಿದೆವು. ತಮಗೆ ಬೇಕಾದ ಪಿಚರುಗಳನ್ನು, ಅಂದರೆ ಚೆಂಡು ಎಸೆಯುವವರನ್ನು, ತಾವೇ ಆರಿಸಿಕೊಂಡಿದ್ದಾರಂತೆ. ನಿಧಿಗೆ ಜಾಗವಿಲ್ಲ. ಸಾರಿ ಎಂದರು, ಒಳ್ಳೆಯ ಹುಡುಗಿ ಎಂದರು. ಚಹಾ ಕುದಿಯುವಷ್ಟರಲ್ಲಿ ಮುಗಿಯಿತು. ನಿಧಿ ಈ ಸಲವೂ ‘ಯೆಸ್ ಮ್ಯಾಮ್’ ಎಂದಳು.

ಆಸ್ಟಿನ್‌ಗೆ ಕ್ಲಬ್ಬಿನ ಕೋಚ್ ಕೇಳಿ ನೋಡಿದರು. ಆ ಜಾಗ ಹೋದ ಚಳಿಗಾಲದಲ್ಲೇ ತುಂಬಿದೆ. ಅವಳ ತಂಡದ ಬಹಳ ಹುಡುಗಿಯರಿಗೆ ಎಲ್ಲೋ ಒಂದು ಕಡೆ ಇದೆ. ಇವಳೊಬ್ಬಳೇ ಎರಡು ವರ್ಷ ಬೇರೆ ಯಾರೊಂದಿಗೂ ಮಾತಾಡದೆ ಕೂತಿದ್ದವಳು. ಕಲ್ಮೇಶ ಅಂಗಡಿಯಲ್ಲಿ ಮಗಳ ಫೋಟೊ ತೆಗೆದು ಒಳಗಿಟ್ಟಿದ್ದಾರೆ. ಅದನ್ನು ನೋಡಿ ನಿಧಿ ಮೊದಲ ಸಲ ಅತ್ತಳು. ಫೋಟೊ ಏನು ತಪ್ಪು ಮಾಡಿತ್ತು ಎಂದಳು.

ಯಾರಿಗೂ ಫೋನ್ ಮಾಡಬೇಡಿ. ಎಲ್ಲಿಗೂ ಹೋಗಬೇಡಿ. ಕೈ ಮುಗಿದು ಕೇಳುತ್ತೇನೆ.

ಅಮೂಲ್ಯಾ

*

ಕ್ಲಿಯರ್ ಲೇಕ್
23 ಸೆಪ್ಟೆಂಬರ್ 2016

ಅಮೂಲ್ಯಾ,

ಬೇಡವೆಂದರೂ ಹೋಗಿ ಬಂದೆ. ನಾನು ಮುಚ್ಚಿಡುವುದಿಲ್ಲ.

ನಿನ್ನ ಮದುವೆಗೆ ಹೊಲಿಸಿದ ಸೂಟು ಹಾಕಿಕೊಂಡೆ. ನಿಮ್ಮವ್ವ ಬೇಸನ್ ಉಂಡಿಯ ಡಬ್ಬಿ ಕೊಟ್ಟಳು. ಹೊಸ ಕೋಚ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಎದ್ದು ನಿಂತು ಕುರ್ಚಿ ಕೊಟ್ಟಳು, ನೀರು ಕೊಟ್ಟಳು. ಒಂದು ಒರಟು ಮಾತೂ ಆಡಲಿಲ್ಲ, ಆಡಿದ್ದರೆ ಚೆನ್ನಾಗಿತ್ತು. ನಾನು ಆ ದಿನದ ಮಾತನ್ನು ನೆನಪಿಸಿದೆ. ‘ಆ ಮಾತು ಕೊಟ್ಟವರು ಹೋದರು ಸರ್’ ಎಂದಳು. ಮಾತು ಕಾಲೇಜಿನದಲ್ಲವೇ ಎಂದೆ. ಆಕೆ ತನ್ನ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡಳು. ‘ಸರ್, ಸಹಿ ಹಾಕುವವರೆಗೆ ಮಾತು ಬಿಡುವ ಹಕ್ಕು ಎರಡೂ ಕಡೆ ಉಂಟು. ನಮಗೂ, ಹುಡುಗಿಗೂ. ಹುಡುಗಿಯರು ಬೇರೆ ಕಾಲೇಜಿನವರ ಜೊತೆಯೂ ಮಾತಾಡುತ್ತಲೇ ಇರುತ್ತಾರೆ, ನಾವು ಬೇಸರ ಮಾಡಿಕೊಳ್ಳುವುದಿಲ್ಲ. ನಿಮ್ಮ ಮೊಮ್ಮಗಳನ್ನು ಬೇರೆ ಯಾರೂ ಕೇಳಿರಲಿಲ್ಲವೇ?’

ಕೇಳಿದ್ದರು ಎಂದೆ.

‘ಮತ್ತೆ?’ ಎಂದಳು.

ಅಮೂಲ್ಯಾ, ನನ್ನ ಜೀವನದಲ್ಲಿ ಎಷ್ಟೋ ಮನೆಯವರ ಎದುರು ಕೂತು ಕೆಟ್ಟ ಸುದ್ದಿ ಹೇಳಿದ್ದೇನೆ. ಆ ಹುಡುಗಿಯ ಒಂದು ‘ಮತ್ತೆ’ಗೆ ನಾನು ಕುರ್ಚಿ ಬಿಟ್ಟು ಎದ್ದೆ. ಹೊರಗೆ ಬಂದೆ. ಡಬ್ಬಿ ನನ್ನ ಕೈಯಲ್ಲೇ ಇತ್ತು. ಪಾರ್ಕಿಂಗಿನಲ್ಲಿ ಕಾರು ಸಿಗಲಿಲ್ಲ, ಬಿಸಿಲಿನಲ್ಲಿ ಸುತ್ತಿದೆ. ಮನೆಗೆ ಬಂದಾಗ ನಿಮ್ಮವ್ವ ತೆರೆಯದ ಡಬ್ಬಿ ನೋಡಿ, ನನ್ನ ಕೈಯಿಂದ ತೆಗೆದುಕೊಂಡು ಒಳಗೆ ಇಟ್ಟಳು.

ಮಾತಿನಲ್ಲಿ ಕಟ್ಟಿಹಾಕಿದ್ದು ಆ ಕಾಲೇಜನ್ನು ಎಂದುಕೊಂಡಿದ್ದೆ. ಕಟ್ಟಿದ್ದು ನಮ್ಮ ಹುಡುಗಿಯನ್ನು ಮಾತ್ರ. ಗಂಟು ಹಾಕಿದವನು ನಾನು.

ತಪ್ಪಾಯಿತು ಎಂದು ನಿನಗೆ ಬರೆಯಬೇಕೋ ನಿಧಿಗೆ ಬರೆಯಬೇಕೋ ತಿಳಿಯುತ್ತಿಲ್ಲ. ಅವಳಿಗೆ ಓದಲು ಬರುವ ಭಾಷೆಯಲ್ಲಿ ಈ ಮಾತು ನನಗೆ ಹೇಳಲು ಬರುವುದಿಲ್ಲ. ಆಸ್ಟಿನ್‌ಗೆ ನಾನೇ ಹೋಗಿ ಕೇಳಿಕೊಳ್ಳಲೇ? ಕಾಲು ಹಿಡಿ ಎಂದರೂ ಹಿಡಿಯುತ್ತೇನೆ.

ಅಪ್ಪ

*

ಲೂಯಿಸ್‌ವಿಲ್
30 ಸೆಪ್ಟೆಂಬರ್ 2016

ಅಪ್ಪಾ,

ಬೇಡ. ನಿಮ್ಮ ಕಾಗದವನ್ನು ನಿಧಿಗೆ ಪೂರ್ತಿ ಓದಿ ಹೇಳಿದೆ. ಡಬ್ಬಿಯ ಸಾಲು ಬಂದಾಗ ನನಗೆ ಮುಂದೆ ಓದಲಾಗಲಿಲ್ಲ. ಅವಳು ಕಾದಳು. ಮುಗಿದ ಮೇಲೆ, ‘ಅಜ್ಜಗ ಆನ್ಸರ್ ನಾನೇ ಮಾಡ್ತೇನಿ, ಬಟ್ ಈಗಲ್ಲ’ ಎಂದಳು. ಯಾವಾಗ ಎಂದು ಕೇಳಬೇಡಿ. ಅವಳಿಗೆ ಇನ್ನು ಯಾರೂ ದಿನ ಗೊತ್ತುಮಾಡುವುದು ಬೇಡ.

ನೀವು ಊಟ ಬಿಟ್ಟಿದ್ದೀರಂತೆ. ಅವ್ವ ಹೇಳಿದಳು. ಊಟ ಮಾಡಿ.

ನಿಮ್ಮ,
ಅಮೂಲ್ಯಾ

*

ಲೂಯಿಸ್‌ವಿಲ್
2 ಏಪ್ರಿಲ್ 2017

ಅಜ್ಜಾ,

ನಾನು ಹೇಳ್ತೇನಿ, ಅಮ್ಮ ಬರೀತಾಳ. ಒಂದು ರೂಲ್ ಮಾಡೇವಿ. ನಾನು ಹೇಳಿದ್ದನ್ನ ಅಮ್ಮ ಚೇಂಜ್ ಮಾಡಂಗಿಲ್ಲ. ಈಗ ಮುಖ ಸೊಟ್ಟ ಮಾಡ್ಯಾಳ, ಅದನ್ನೂ ಬರಿ ಅಂದೀನಿ.

ಲೇಟ್ ಆತು. ಸಿಟ್ಟಿತ್ತು, ಅದಕ್ಕ. ನಿಮ್ಮ ಮ್ಯಾಲೆ, ಅಮ್ಮನ ಮ್ಯಾಲೆ, ಬಾಲ್ ಮ್ಯಾಲೆ ಸುದ್ದಾ. ಎರಡು ತಿಂಗಳು ಗ್ಲವ್ ಮುಟ್ಟಲಿಲ್ಲ. ಸಿಟ್ಟು ಪೂರಾ ಹೋಗಿಲ್ಲ ಅಜ್ಜಾ, ಸುಳ್ಳು ಯಾಕ ಹೇಳಲಿ. ಸ್ವಲ್ಪ ಐತಿ.

ನಿಮಗ ಒಂದು ಹೇಳಬೇಕು. ನೈಂತ್ ಗ್ರೇಡ್‌ನ್ಯಾಗ ಫೋನ್ ಮಾಡಿದೆನಲ್ಲ, ಅವತ್ತು ನೀವು ಕಣ್ಣು ಒರಸ್ಕೊಂಡು ಉಳ್ಳಾಗಡ್ಡಿ ಅಂದ್ರಿ. ಅವತ್ತು ಅಜ್ಜಿ ಉಳ್ಳಾಗಡ್ಡಿ ಹೆಚ್ಚಿದ್ದೇ ಇಲ್ಲ. ನೀವು ಅಳೋದು ನಾನು ಅದೇ ಫಸ್ಟ್ ಟೈಮ್ ನೋಡಿದ್ದು. ನನ್ನ ಸಲುವಾಗಿ ಅಜ್ಜ ಅಷ್ಟು ಖುಷಿ ಆಗ್ಯಾರಂತ ಅನ್ನಿಸ್ತು. ಅದಾದ ಮ್ಯಾಲೆ ನನಗ ಬ್ಯಾಡ ಅಂತ ಹೆಂಗ ಹೇಳಬೇಕು ಅಂತನ ಗೊತ್ತಾಗಲಿಲ್ಲ. ಆ ಕಾಲೇಜ್ ನನಗ ಮೊದಲಿನಿಂದ ಸೇರಿದ್ದಿಲ್ಲ. ನೀವು ಕೇಳಲಿಲ್ಲ, ನಾನು ಹೇಳಲಿಲ್ಲ. ಅದಕ್ಕ ತಪ್ಪು ಪೂರಾ ನಿಮ್ಮದಲ್ಲ. ಅರ್ಧಕ್ಕಿಂತ ಜಾಸ್ತಿ ನಿಮ್ಮದು.

(ನಾನು ಏನನ್ನೂ ಬದಲಿಸಿಲ್ಲ ಅಪ್ಪಾ. — ಅಮೂಲ್ಯಾ)

ಹೋದ ತಿಂಗಳು ಓಕ್ಲಹೋಮಾದಿಂದ ಒಂದು ಸಣ್ಣ ಕಾಲೇಜಿನ ಕೋಚ್ ಕೇಳಿದ್ರು. ಜಾಗ ಕೊಡ್ತೇವಿ, ಶುಕ್ರವಾರದೊಳಗ ಹೇಳು ಅಂದ್ರು. ಅಪ್ಪ ಹೂಂ ಅನ್ನು ಅಂದ್ರು, ಆಟ ಉಳೀತದ ಅಂತ. ಫೋಟೊ ಮತ್ತ ಅಂಗಡ್ಯಾಗ ಹಾಕಬಹುದಲ್ಲ, ಪಾಪ. ನಾನು ಬುಧವಾರನೇ ಫೋನ್ ಮಾಡಿ ನೋ, ಥ್ಯಾಂಕ್ ಯೂ ಅಂದೆ. ಏನು ಹೇಳಬೇಕಂತ ಯಾರೂ ಬರೆದು ಕೊಟ್ಟಿದ್ದಿಲ್ಲ.

ಆಸ್ಟಿನ್‌ನ್ಯಾಗ ನನಗ ಅಡ್ಮಿಷನ್ ಸಿಕ್ಕದ. ಆಟಕ್ಕಲ್ಲ, ಓದಾಕ. ಜಿಯಾಲಜಿ. ಅಪ್ಪನ ಅಂಗಡಿ ಕಲ್ಲಿನ ಮ್ಯಾಲೆ ಎಸ್ಸೇ ಬರೆದಿದ್ದೆ. ಆಮೇಲೆ ಅಲ್ಲಿನ ಕೋಚ್‌ಗ ನಾನೇ ಇಮೇಲ್ ಮಾಡಿದೆ. ಅವರು ಕೇಳಿದ್ದಕ್ಕ ಆನ್ಸರ್ ಕೊಟ್ಟಿದ್ದಿಲ್ಲಲ್ಲ, ಕ್ಯಾಚರ್‌ಗ ಏನು ಹೇಳಿ ನಗಿಸಿದೆ ಅಂತ. ಅದನ್ನ ಮೊದಲು ಬರೆದೆ. (ನಿಮಗ ಹೇಳಂಗಿಲ್ಲ, ಅಜ್ಜಿ ಬೈತಾರ.) ಅವರು ಫೋನ್ ಮಾಡಿದ್ರು. ಜಾಗ ಇಲ್ಲ, ಸ್ಕಾಲರ್‌ಶಿಪ್ ಇಲ್ಲ. ಆದ್ರ ಸೆಪ್ಟೆಂಬರ್‌ನ್ಯಾಗ ಟ್ರೈಔಟ್ ಇರ್ತದ, ಕಾಲೇಜಿನ ಯಾವ ಹುಡುಗಿ ಬೇಕಾದ್ರೂ ಬಂದು ಆಡಿ ತೋರಿಸಬಹುದು ಅಂದ್ರು. ಚಾನ್ಸ್ ಎಷ್ಟು ಅಂತ ಕೇಳಿದೆ. ‘ನಾನು ಏನೂ ಪ್ರಾಮಿಸ್ ಮಾಡೂದಿಲ್ಲ’ ಅಂದ್ರು. ‘ನಾನೂ ಮಾಡೂದಿಲ್ಲ ಮ್ಯಾಮ್’ ಅಂದೆ. ಇಬ್ಬರೂ ನಕ್ಕೇವಿ. ಮತ್ತ ಗ್ಲವ್ ತಗದೀನಿ.

ಅಜ್ಜಾ, ಯಾರಿಗೂ ಹೇಳಬ್ಯಾಡ್ರಿ. ಸಂಗನಬಸಪ್ಪ ಅಂಕಲ್‌ಗ ಅಂತೂ ಬ್ಯಾಡೇ ಬ್ಯಾಡ. ಪೇಡೆ ಬ್ಯಾಡ, ಸಕ್ಕರಿ ಬ್ಯಾಡ. ಆದ್ರೂ ಆಗದಿದ್ರೂ ನಾನೇ ನಿಮಗ ಫೋನ್ ಮಾಡ್ತೇನಿ. ಕಾಗದ ಅಲ್ಲ, ಫೋನ್. ಅಮ್ಮನ ಕೈಯಾಗ ಹೇಳಿ ಕಳಸೂದಿಲ್ಲ. ನನ್ನ ಬಾಯಿಂದನ ನೀವು ಕೇಳಬೇಕು.

ನಿಧಿ

*

ಕ್ಲಿಯರ್ ಲೇಕ್
7 ಸೆಪ್ಟೆಂಬರ್ 2017

ನಿಧಿ,

ಇದನ್ನು ನಿನ್ನ ಅಮ್ಮನಿಗೆ ಕಳಿಸುತ್ತಿದ್ದೇನೆ, ಆಸ್ಟಿನ್‌ಗೆ ಫೋನ್ ಮಾಡಿ ನಿನಗೆ ಓದಿ ಹೇಳುತ್ತಾಳೆ. ನಿಮ್ಮ ರೂಲ್ ನನಗೂ ಅನ್ವಯಿಸಲಿ, ಅವಳು ಏನನ್ನೂ ಬದಲಿಸುವಂತಿಲ್ಲ. ಈ ಕಾಗದ ಅವಳ ಕೈಗೆ ಸಿಗುವಷ್ಟರಲ್ಲಿ ಶನಿವಾರದ ನಿನ್ನ ಟ್ರೈಔಟ್ ಮುಗಿದಿರಬಹುದು. ಅದಕ್ಕೇ ಗೆದ್ದು ಬಾ ಎಂದು ಬರೆಯುವುದಿಲ್ಲ.

ನಾವು ಕ್ಷೇಮ. ಹೋದ ತಿಂಗಳ ಚಂಡಮಾರುತದ ನೀರು ನಮ್ಮ ಗ್ಯಾರೇಜಿನವರೆಗೆ ಬಂದು ಹೋಯಿತು. ನಿಮ್ಮಜ್ಜಿ ಮೊದಲು ನಿನ್ನ ಫೋಟೊ ಎತ್ತಿ ಮೇಲಿಟ್ಟಳು, ಆಮೇಲೆ ನನ್ನ ಸೂಟು, ಕೊನೆಗೆ ನನಗೆ ಮೇಲೆ ಬನ್ನಿ ಎಂದಳು. ಕೆಸರು ಬಳಿದು ತೆಗೆಯಲು ಸಂಗನಬಸಪ್ಪ ಬಂದಿದ್ದ. ಸಲಿಕೆ ಹಿಡಿದುಕೊಂಡೇ ಕೇಳಿದ, ‘ಡಾಕ್ಟ್ರೇ, ನಿಮ್ಮ ಮೊಮ್ಮಗಳು ಕಾಲೇಜಿಗೆ ಹೋದ್ಲಂತ. ಆಟ ಏನಾತ್ರಿ?’

‘ಅಕಿನ್ನ ಕೇಳ್ರಿ’ ಎಂದೆ.

ಅವನು ಸಲಿಕೆ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದ. ಇಷ್ಟು ವರ್ಷದಲ್ಲಿ ನನ್ನ ಬಾಯಿಂದ ಇಂಥ ಮಾತು ಅವನು ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಅರ್ಧಕ್ಕಿಂತ ಜಾಸ್ತಿ ತಪ್ಪು ನನ್ನದು ಎಂದೆ ನೀನು. ಲೆಕ್ಕ ಸರಿಯಾಗಿದೆ. ನಿನ್ನ ಅಮ್ಮನಿಗೂ ಹೀಗೇ ಒಂದು ಬಾಕಿ ಇದೆ. ಅವಳು ಇದನ್ನು ಓದುತ್ತಿದ್ದಾಳಲ್ಲ, ಕೇಳಿಸಿಕೊಳ್ಳಲಿ: ಅಮೂಲ್ಯಾ, ಆ ದಿನ ನಾನು ಬಾಗಿಲ ಕಡೆ ನೋಡಬೇಕಿತ್ತು.

ಡ್ರಾಯರಿನಿಂದ ಯಂತ್ರ ತೆಗೆದು ಎರಡೂ ಕಿವಿಗೆ ಹಾಕಿಸಿಕೊಂಡಿದ್ದೇನೆ. ಫ್ರಿಜ್ಜು ಇಷ್ಟು ಗದ್ದಲ ಮಾಡುತ್ತದೆ ಎಂದು ಗೊತ್ತಿರಲಿಲ್ಲ. ನಿಮ್ಮಜ್ಜಿ ಅಡುಗೆಮನೆಯಲ್ಲಿ ನನ್ನ ಬಗ್ಗೆ ತನ್ನಷ್ಟಕ್ಕೆ ಏನೇನು ಆಡಿಕೊಳ್ಳುತ್ತಾಳೆ ಎಂಬುದೂ ಈಗ ಗೊತ್ತಾಗುತ್ತಿದೆ. ತಲೆ ನೋಯುತ್ತದೆ, ಆದರೂ ತೆಗೆದಿಲ್ಲ. ಶನಿವಾರ ಬೆಳಗಿನಿಂದ ಫೋನಿನ ಹತ್ತಿರವೇ ಕೂತಿರುತ್ತೇನೆ. ನೀನು ಯಾವಾಗ ಮಾಡಿದರೂ ಸರಿ. ಆಯಿತು ಅನ್ನು, ಆಗಲಿಲ್ಲ ಅನ್ನು, ಇನ್ನು ಆಟವೇ ಬೇಡ ಅನ್ನು.

ನನಗೆ ಕೇಳಿಸುತ್ತದೆ.

ಅಜ್ಜ